ಕೆಲಸ ಕಲಿಸಿದ ಹುಡುಗನನ್ನು ಪಕ್ಕದ ಶೆಡ್‌ನವನು ಕರೆದುಕೊಂಡು ಹೋಗುತ್ತಾನೆ. ಬೇರೆ ದೇಶಗಳ ಸಣ್ಣ ಕಂಪನಿಗಳು ಏನು ಮಾಡುತ್ತವೆ?

ಪೀಣ್ಯ ಎರಡನೇ ಹಂತ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೀಣ್ಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್ ಇದೆ, ಅಂದರೆ ಲೋಹದ ಬಿಡಿಭಾಗ ಕಡೆದು ಕೊಡುವ ಶೆಡ್. ಕಂಪ್ಯೂಟರ್ ಹೇಳಿದಂತೆ ಓಡುವ ಸಿಎನ್‌ಸಿ ಲೇತ್‌ಗಳೇ ಜಾಸ್ತಿ, ಎರಡು ವಿಎಂಸಿ (ಮಿಲ್ಲಿಂಗ್ ಮೆಷಿನ್), ಮೂಲೆಯಲ್ಲಿ ಮಾರಲು ಮನಸ್ಸು ಬಾರದ ಒಂದು ಹಳೇ ಎಚ್‌ಎಂಟಿ ಲೇತ್. ಇಪ್ಪತ್ತು ಚಿಲ್ಲರೆ ಜನ ಇದ್ದೇವೆ. ಹೈಡ್ರಾಲಿಕ್ ಬುಷ್, ಸ್ಪೂಲ್, ಪಂಪ್ ಬಾಡಿ ಇಂಥ ಜಾಬ್‌ವರ್ಕ್.

ವಿಷಯ ಇಷ್ಟೇ. ಐಟಿಐ ಟರ್ನರ್ ಮುಗಿಸಿದ ಹುಡುಗರನ್ನು ತೆಗೆದುಕೊಳ್ಳುತ್ತೇವೆ. ಎರಡು ವರ್ಷ ಓದಿ ಬಂದಿರುತ್ತಾರೆ, ಆದರೆ ರಂಧ್ರದ ಒಳವ್ಯಾಸ ಅಳೆಯುವ ಬೋರ್ ಗೇಜ್ ಕೈಗೆ ಕೊಟ್ಟರೆ ಯಾವ ಕಡೆಯಿಂದ ಹಿಡಿಯಬೇಕು ಅಂತ ನೋಡುತ್ತಾರೆ. ಅವರ ತಪ್ಪಲ್ಲ, ಹತ್ತಾರು ಹುಡುಗರಿಗೆ ಒಂದು ಗೇಜ್ ಇದ್ದರೆ ಇನ್ನೇನಾಗುತ್ತದೆ. ನಾವು ಮೈಕ್ರೋಮೀಟರ್‌ನಿಂದ ಶುರು ಮಾಡಿ ಡ್ರಾಯಿಂಗ್ ಓದುವುದು, ಆಫ್‌ಸೆಟ್ (ಟೂಲ್ ಎಲ್ಲಿ ನಿಲ್ಲಬೇಕು ಅಂತ ಮೆಷಿನ್‌ಗೆ ತಿದ್ದಿ ಹೇಳುವ ಸಂಖ್ಯೆ) ಕೊಡುವುದು, ಪೀಸ್ ಹಿಡಿಯುವ ಸಾಫ್ಟ್ ಜಾ ಬೋರ್ ಮಾಡುವುದು ಎಲ್ಲ ಕಲಿಸುತ್ತೇವೆ. ಆ ಹೊತ್ತಿನಲ್ಲಿ ಆಗುವ ರಿಜೆಕ್ಷನ್ ನಮ್ಮ ತಲೆ ಮೇಲೆ. ಒಬ್ಬನೇ ನಿಂತು ಸೆಟ್ಟಿಂಗ್ ಮಾಡುವಷ್ಟು, ಅಂದರೆ ಹೊಸ ಜಾಬ್‌ಗೆ ಮೆಷಿನ್ ಸಜ್ಜು ಮಾಡುವಷ್ಟು, ಕೈ ಕುದುರಿತು ಅನ್ನುವಾಗ ಪಕ್ಕದ ರಸ್ತೆಯವನು ಎರಡು ಸಾವಿರ ಜಾಸ್ತಿ ಅಂತಾನೆ, ಹುಡುಗ ಹೋಗುತ್ತಾನೆ.

ಪಾರ್ಟ್ನರ್ ಹೇಳುವುದು: ಕಲಿಸುವುದೇ ಬೇಡ, ಅನುಭವ ಇರುವವರನ್ನೇ ತೆಗೆದುಕೊಳ್ಳೋಣ. ಇಡೀ ಪೀಣ್ಯ ಹಾಗೇ ಅಂದುಕೊಂಡರೆ ಅನುಭವ ಇರುವವರು ಎಲ್ಲಿಂದ ಬರುತ್ತಾರೆ? ಇನ್ನೊಬ್ಬರು ಮಾರ್ಕ್ಸ್ ಕಾರ್ಡ್ ಒರಿಜಿನಲ್ ಇಟ್ಟುಕೊಳ್ಳಿ ಅಂದರು. ಅದು ನನ್ನಿಂದ ಆಗುವುದಿಲ್ಲ.

ಹೊರದೇಶದಲ್ಲಿ ಇರುವವರು ಹೇಳಿ. ದೊಡ್ಡ ಕಂಪನಿಗಳ ಟ್ರೇನಿಂಗ್ ಸೆಂಟರ್ ಕಥೆ ಬೇಡ. ನಮ್ಮಂಥ ಇಪ್ಪತ್ತು, ಮೂವತ್ತು ಜನದ ಶಾಪ್‌ಗಳು ಅಲ್ಲಿ ಹೇಗೆ ಮಾಡುತ್ತವೆ?

ಸುಮ್ನೆ ಓದುವವ

ಸಂಬಳ ಜಾಸ್ತಿ ಕೊಡಿ ಸರ್. ಮುಗಿಯಿತು.

ಪೀಣ್ಯ ಎರಡನೇ ಹಂತ

ಕೊಡೋಣ. ಆದರೆ ಲೆಕ್ಕ ನೋಡಿ. ನನ್ನ ಗಿರಾಕಿಯೂ ಪಕ್ಕದವನ ಗಿರಾಕಿಯೂ ಕೊಡುವ ಮೆಷಿನ್ ಗಂಟೆ ರೇಟು ಹೆಚ್ಚುಕಮ್ಮಿ ಒಂದೇ. ಕಲಿಸುವ ಖರ್ಚು ನನಗಿದೆ, ಅವನಿಗಿಲ್ಲ. ಅವನು ಕೊಡುವ ಆ ಎರಡು ಸಾವಿರ ನಾನು ಉಳಿಸಿಕೊಟ್ಟ ದುಡ್ಡೇ. ನಾನು ಮೂರು ಏರಿಸಿದರೆ ಅವನು ನಾಲ್ಕು ಏರಿಸುತ್ತಾನೆ.

ಸ್ಟುಟ್‌ಗಾರ್ಟ್ ಸೀಮೆ

ಸರ್, ನಾನು ಜರ್ಮನಿಯ ಬಾಡೆನ್ ವುರ್ಟೆಂಬರ್ಗ್‌ನಲ್ಲಿ ನಲವತ್ತು ಜನರ ಒಂದು ಕಂಪನಿಯಲ್ಲಿ ಪ್ರೊಡಕ್ಷನ್ ಪ್ಲಾನಿಂಗ್‌ನಲ್ಲಿ ಇದ್ದೇನೆ. ಈ ಕಡೆ ಹಳ್ಳಿ ಹಳ್ಳಿಗೂ ಇಂಥ ಶಾಪ್‌ಗಳಿವೆ. ನೀವು ಹೇಳಿದ ಲೆಕ್ಕ ಇಲ್ಲಿಯೂ ಅದೇ, ಆದರೆ ಅದನ್ನು ಬೇರೆ ಥರ ಹಂಚಿದ್ದಾರೆ.

ಹುಡುಗ ಹತ್ತನೇ ಕ್ಲಾಸಿನ ಆಸುಪಾಸಿನಲ್ಲಿ ಸೀದಾ ಕಂಪನಿಗೆ ಬಂದು ಒಪ್ಪಂದ ಮಾಡಿಕೊಳ್ಳುತ್ತಾನೆ. ಮೊದಲು ಐಟಿಐ, ಆಮೇಲೆ ಕೆಲಸ ಅಂತ ಇಲ್ಲ. ಇಂಡಸ್ಟ್ರಿ ಮೆಕ್ಯಾನಿಕ್, ಟರ್ನಿಂಗ್ ಮಿಲ್ಲಿಂಗ್ ಮಾಡುವ ಮೆಷಿನಿಸ್ಟ್ ಇವೆಲ್ಲ ಮೂರೂವರೆ ವರ್ಷ. ವಾರದಲ್ಲಿ ಒಂದೆರಡು ದಿನ ಸರ್ಕಾರಿ ವೃತ್ತಿಶಾಲೆ, ಉಳಿದ ದಿನ ಕಂಪನಿ. ಇದರ ಕಾಯ್ದೆ 1969ರದ್ದು. 2020ರಿಂದ ಕಲಿಯುವವರಿಗೂ ಕನಿಷ್ಠ ವೇತನ ಬಂತು, ಆಗ ಮೊದಲ ವರ್ಷಕ್ಕೆ ತಿಂಗಳಿಗೆ 515 ಯೂರೋ ಇತ್ತು, ಆಮೇಲೆ ವರ್ಷ ವರ್ಷ ಏರಿದೆ. ದೊಡ್ಡ ಮೆಟಲ್ ಕಂಪನಿಗಳು ಇದಕ್ಕಿಂತ ತುಂಬ ಜಾಸ್ತಿ ಕೊಡುತ್ತವೆ. ಆದರೂ ಪೂರ್ತಿ ಕೆಲಸಗಾರನ ಸಂಬಳಕ್ಕಿಂತ ಇದು ಎಷ್ಟೋ ಕಡಿಮೆ. ಮೂರನೇ ವರ್ಷದ ಹುಡುಗ ಅರ್ಧಕ್ಕಿಂತ ಜಾಸ್ತಿ ನಿಜವಾದ ಕೆಲಸ ಮಾಡುತ್ತಿರುತ್ತಾನೆ, ಕಂಪನಿಗೆ ಹಾಕಿದ ದುಡ್ಡು ಒಂದಷ್ಟು ಅಲ್ಲೇ ವಾಪಸ್.

ನಿಮಗೆ ಮುಖ್ಯವಾದದ್ದು ಈಗ ಬರುತ್ತದೆ. ಇಲ್ಲಿ ಕೈಗಾರಿಕಾ ಚೇಂಬರ್ ಅಂತ ಇದೆ. ಅದಕ್ಕೆ ಸೇರುವುದು ಇಷ್ಟ ಇದ್ದವರಿಗೆ ಮಾತ್ರ ಅಲ್ಲ, ಕಂಪನಿ ನಡೆಸುವವರೆಲ್ಲ ಕಾನೂನಿನ ಪ್ರಕಾರ ಸದಸ್ಯರು. ನಿಮ್ಮ ಪಕ್ಕದ ಶೆಡ್‌ನವನೂ. ಒಪ್ಪಂದ ನೋಂದಾಯಿಸುವುದು ಆ ಚೇಂಬರ್, ಪರೀಕ್ಷೆ ನಡೆಸುವುದೂ ಅದೇ. ನಾನು ಕಲಿಸಿದ ಹುಡುಗನಿಗೆ ನಾನೇ ಪಾಸ್ ಅನ್ನುವ ಹಾಗಿಲ್ಲ. ಸಣ್ಣ ಕಂಪನಿಯಲ್ಲಿ ಗ್ರೈಂಡಿಂಗ್ ಇಲ್ಲ, ನ್ಯೂಮ್ಯಾಟಿಕ್ಸ್ ಇಲ್ಲ ಅಂದರೆ ಆ ಭಾಗಕ್ಕೆ ಹುಡುಗನನ್ನು ಕೂಡು ತರಬೇತಿ ಕೇಂದ್ರಕ್ಕೋ ಹತ್ತಿರದ ದೊಡ್ಡ ಕಂಪನಿಯ ವರ್ಕ್‌ಶಾಪ್‌ಗೋ ಕೆಲವು ವಾರ ಕಳಿಸುತ್ತಾರೆ. ಕೂಡು ಕೇಂದ್ರಗಳಿಗೆ ಸರ್ಕಾರದ ದುಡ್ಡೂ ಸೇರುತ್ತದೆ.

ನಮ್ಮ ಶಾಪ್‌ನಲ್ಲಿ ಪ್ರತಿ ಹುಡುಗನೂ ಒಂದು ವರದಿ ಪುಸ್ತಕ ಬರೆಯಬೇಕು. ಈ ವಾರ ಏನು ಮಾಡಿದೆ, ಎಷ್ಟು ಗಂಟೆ. ಟ್ರೇನರ್ ಸಹಿ ಹಾಕಬೇಕು. ಆ ಪುಸ್ತಕ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ನಾಲ್ಕು ವಾರ ಸತತವಾಗಿ 'ನೆಲ ಗುಡಿಸಿದೆ' ಅಂತ ಬರೆದರೆ ಕಂಪನಿ ಉತ್ತರ ಕೊಡಬೇಕಾಗುತ್ತದೆ.

ಹುಬ್ಬಳ್ಳಿ ಮಂದಿ

ಜರ್ಮನಿ ಕಥಿ ಕೇಳಿ ಕೇಳಿ ಸಾಕಾಗೇದ ಅಣ್ಣ. ಎಲ್ಲಾ ಸೆಮಿನಾರ್‌ನ್ಯಾಗೂ ಇದೇ ಸ್ಲೈಡ್. ಅಲ್ಲಿ ನೂರಾರು ವರ್ಷದ ಕಸುಬುದಾರರ ಗಿಲ್ಡ್ ಇದ್ದವು, ನಮಗ ಹೆಂಗ ಬರಬೇಕು?

ಸ್ಟುಟ್‌ಗಾರ್ಟ್ ಸೀಮೆ

ಒಪ್ಪಿದೆ. ಸ್ಲೈಡ್‌ನಲ್ಲಿ ಇಲ್ಲದ್ದನ್ನು ಹೇಳುತ್ತೇನೆ ಹಾಗಾದರೆ. ಜರ್ಮನಿಯಲ್ಲೂ ಅಪ್ರೆಂಟಿಸ್ ಇಟ್ಟುಕೊಳ್ಳುವುದು ಸುಮಾರು ಐದರಲ್ಲಿ ಒಂದು ಕಂಪನಿ ಮಾತ್ರ. ಕಂಪನಿ ಸಣ್ಣದಾದಷ್ಟೂ ಈ ಪ್ರಮಾಣ ಇಳಿಯುತ್ತದೆ. ಈಗ ಸೀಟು ಇದ್ದರೂ ಹುಡುಗರು ಸಿಗುತ್ತಿಲ್ಲ, ಎಲ್ಲರಿಗೂ ಯೂನಿವರ್ಸಿಟಿ ಬೇಕು. ನಮ್ಮ ಕಂಪನಿಯಲ್ಲೇ ಎರಡು ಸೀಟು ಖಾಲಿ ಇವೆ.

ಖರ್ಚಿನ ಲೆಕ್ಕದಲ್ಲಿ ಸ್ವಿಟ್ಜರ್ಲೆಂಡ್ ಇನ್ನೂ ಚೆನ್ನಾಗಿದೆ. ಅಲ್ಲಿ ಪಾಲಿಮೆಕ್ಯಾನಿಕ್ ಅನ್ನುವ ಮೆಷಿನ್ ಕೆಲಸದ ತರಬೇತಿ ನಾಲ್ಕು ವರ್ಷ. ನಾಲ್ಕು ವರ್ಷ ಮುಗಿಯುವಾಗ ಹೆಚ್ಚಿನ ಕಂಪನಿಗಳಿಗೆ ಹಾಕಿದ ಖರ್ಚು ಹುಡುಗನ ಕೆಲಸದಿಂದಲೇ ಬಂದಿರುತ್ತದೆ ಅಂತ ಅಲ್ಲಿನ ಅಧ್ಯಯನಗಳೇ ಹೇಳುತ್ತವೆ. ಅಂದರೆ ಮುಗಿದ ದಿನವೇ ಅವನು ಬಿಟ್ಟು ಹೋದರೂ ನಷ್ಟ ಇಲ್ಲ. ಜರ್ಮನಿಯಲ್ಲಿ ಸರಾಸರಿಯಲ್ಲಿ ಸ್ವಲ್ಪ ಕೈಯಿಂದ ಹೋಗುತ್ತದೆ, ಆಮೇಲೆ ಅವನು ಉಳಿದರೆ ಹೊಸಬನನ್ನು ಹುಡುಕುವ ಖರ್ಚು ಉಳಿಯುತ್ತದೆ. ನಿಮ್ಮ ಕಷ್ಟ ಏನೆಂದರೆ ಕಲಿಕೆಗೆ ಒಂದು ಅವಧಿಯೇ ಇಲ್ಲ. ಮೊದಲ ದಿನದಿಂದ ಅವನು ಪೂರ್ತಿ ಕೆಲಸಗಾರ, ಪೂರ್ತಿ ಸಂಬಳ, ಯಾವತ್ತು ಬೇಕಾದರೂ ಹೋಗಬಹುದು.

ಕಾವೆಂಟ್ರಿ ಕನ್ನಡಿಗ

ಇಂಗ್ಲೆಂಡ್ ಕಥೆ ಯಾರೂ ಸ್ಲೈಡ್‌ನಲ್ಲಿ ತೋರಿಸುವುದಿಲ್ಲ, ಯಾಕೆಂದರೆ ಎಡವಟ್ಟಾಗಿದೆ. ಆದರೆ ನಮಗೆ ಅದೇ ಜಾಸ್ತಿ ಉಪಯೋಗ ಅಂತ ನನ್ನ ಅನಿಸಿಕೆ.

1964ರಲ್ಲಿ ಒಂದು ಕಾಯ್ದೆ ತಂದರು. ಒಂದೊಂದು ಉದ್ಯಮಕ್ಕೆ ಒಂದು ಟ್ರೇನಿಂಗ್ ಬೋರ್ಡ್. ಎಲ್ಲ ಕಂಪನಿಗಳಿಂದ ವಂತಿಗೆ ವಸೂಲಿ, ಯಾರು ಕಲಿಸುತ್ತಾರೋ ಅವರಿಗೆ ಅದರಿಂದ ಅನುದಾನ. ಪಕ್ಕದ ಶೆಡ್ ಸಮಸ್ಯೆಗೇ ಮಾಡಿದ ಕಾನೂನು ಅದು, ಅಕ್ಷರಶಃ. ಆಗಲೇ ಸಣ್ಣ ಇಂಜಿನಿಯರಿಂಗ್ ಕಂಪನಿಗಳು ಸೇರಿ ಗುಂಪು ತರಬೇತಿ ಸಂಘಗಳನ್ನು ಕಟ್ಟಿಕೊಂಡವು. ಹತ್ತಾರು ಕಂಪನಿಗೆ ಒಂದೇ ವರ್ಕ್‌ಶಾಪ್, ಒಂದೇ ಇನ್‌ಸ್ಟ್ರಕ್ಟರ್ ತಂಡ. ಅವುಗಳಲ್ಲಿ ಕೆಲವು ಇವತ್ತಿಗೂ ನಡೆಯುತ್ತಿವೆ. ಆದರೆ ಸಣ್ಣ ಕಂಪನಿಗಳು ಫಾರ್ಮ್ ತುಂಬಿಸಿ ತುಂಬಿಸಿ ಬೇಸತ್ತವು. ಎಂಬತ್ತರ ದಶಕದಲ್ಲಿ ಥ್ಯಾಚರ್ ಸರ್ಕಾರ ಹೆಚ್ಚಿನ ಬೋರ್ಡ್‌ಗಳನ್ನು ಮುಚ್ಚಿಸಿತು.

2017ರಲ್ಲಿ ವಂತಿಗೆ ಮತ್ತೆ ಬಂತು. ವರ್ಷಕ್ಕೆ 30 ಲಕ್ಷ ಪೌಂಡ್‌ಗಿಂತ ಜಾಸ್ತಿ ಸಂಬಳ ಕೊಡುವ ಕಂಪನಿಗಳಿಂದ 0.5 ಪರ್ಸೆಂಟ್. ಸಣ್ಣವರು ವಂತಿಗೆ ಕೊಡಬೇಕಾಗಿಲ್ಲ, ತರಬೇತಿ ಖರ್ಚಿನಲ್ಲಿ ಸಣ್ಣ ಪಾಲು ಹಾಕಿದರೆ ಸಾಕು, ಉಳಿದದ್ದು ಸರ್ಕಾರ. ಕೇಳಲು ಚೆನ್ನಾಗಿದೆ ಅಲ್ವಾ? ಆಗಿದ್ದು ಬೇರೆ. ದೊಡ್ಡ ಕಂಪನಿಗಳು ನಮ್ಮ ದುಡ್ಡು ನಾವೇ ಬಳಸುತ್ತೇವೆ ಅಂತ ಈಗಾಗಲೇ ಕೆಲಸದಲ್ಲಿರುವ ಮ್ಯಾನೇಜರ್‌ಗಳನ್ನೇ ಅಪ್ರೆಂಟಿಸ್ ಹೆಸರಲ್ಲಿ ಮ್ಯಾನೇಜ್‌ಮೆಂಟ್ ಕೋರ್ಸ್‌ಗೆ ಕಳಿಸಿದವು. ಹೊಸದಾಗಿ ಸೇರುವ ಅಪ್ರೆಂಟಿಸ್‌ಗಳ ಸಂಖ್ಯೆ ಇಳಿಯಿತು, ಅದರಲ್ಲೂ ಚಿಕ್ಕ ವಯಸ್ಸಿನವರದು, ಸಣ್ಣ ಕಂಪನಿಗಳದು. ದುಡ್ಡು ಎತ್ತುವುದು ಸುಲಭ, ಅದು ಲೇತ್ ಮುಂದೆ ನಿಂತ ಹುಡುಗನ ತನಕ ಬರುವುದು ಕಷ್ಟ.

ಸೆಟ್ಟರ್ ಕೆಲಸದವ

ಎಲ್ಲ ಮಾಲೀಕರೇ ಮಾತಾಡುತ್ತಿದ್ದೀರಿ. ಬಿಟ್ಟು ಹೋಗುವ ಹುಡುಗ ನಾನೇ, ಒಂದು ಮಾತು ಹೇಳಲಾ?

ನಾನು ಗದಗ ಕಡೆಯವನು. ಮೊದಲ ಶಾಪ್‌ನಲ್ಲಿ 'ಕಲಿಸುತ್ತೇವೆ' ಅಂದರು. ಒಂದು ವರ್ಷ ಲೋಡಿಂಗ್, ಅನ್‌ಲೋಡಿಂಗ್, ಡೀಬರಿಂಗ್ ಅಂದರೆ ಪೀಸ್ ಅಂಚು ಉಜ್ಜುವುದು, ಲೋಹದ ಚಿಪ್ಸ್ ಎತ್ತುವುದು. ಸೆಟ್ಟರ್ ಅಣ್ಣ ಆಫ್‌ಸೆಟ್ ಕೊಡುವಾಗ ಸ್ಕ್ರೀನ್‌ಗೆ ಬೆನ್ನು ಅಡ್ಡ ಇಟ್ಟು ನಿಲ್ಲುತ್ತಿದ್ದ. ಕೇಳಿದರೆ 'ನಿನಗ್ಯಾಕೆ, ಸೈಕಲ್ ಸ್ಟಾರ್ಟ್ ಒತ್ತು' ಅಂತಿದ್ದ. ಅವನ ಮೇಲೂ ನನಗೆ ಸಿಟ್ಟಿಲ್ಲ. ನನಗೆ ಕಲಿಸಿದರೆ ಅವನ ಬದಲು ಕಡಿಮೆ ಸಂಬಳಕ್ಕೆ ನನ್ನನ್ನೇ ಸೆಟ್ಟರ್ ಮಾಡುತ್ತಾರೆ ಅಂತ ಅವನಿಗೂ ಭಯ. ನಾನು ಕಲಿತದ್ದು ರಾತ್ರಿ ಶಿಫ್ಟ್‌ನಲ್ಲಿ, ಅವನು ಮಲಗಿದಾಗ.

ಎರಡನೇ ವರ್ಷ ನಾನೇ ಸೆಟ್ಟಿಂಗ್ ಮಾಡುತ್ತಿದ್ದೆ. ಸಂಬಳ ಆಪರೇಟರ್‌ದೇ. ಕೇಳಿದೆ, ನೋಡೋಣ ಅಂದರು. ಪಕ್ಕದವರು ಇಂಟರ್‌ವ್ಯೂನಲ್ಲಿ ಒಂದು ಡ್ರಾಯಿಂಗ್ ಕೊಟ್ಟು ಒಂದು ಪೀಸ್ ಮಾಡಿಸಿದರು, ಮೈಕ್ರೋಮೀಟರ್ ಹಾಕಿ ನೋಡಿದರು, ಅಲ್ಲೇ ಹೊಸ ಸಂಬಳ ಹೇಳಿದರು. ಬಿಡುವಾಗ ಹಳೇ ಕಡೆ ಅನುಭವ ಪತ್ರ ಕೇಳಿದೆ, ಕೊಡಲಿಲ್ಲ. ಶಾಪ್ ಬಿಟ್ಟರೆ ಮಾತ್ರ ಸಂಬಳ ಏರುತ್ತದೆ ಅಂತ ನಮಗೆ ಕಲಿಸಿದವರು ಯಾರು ಹೇಳಿ.

ಪೀಣ್ಯ ಎರಡನೇ ಹಂತ

ಇದು ನಾಟಿತು. ನಮ್ಮಲ್ಲಿ ವರ್ಷಕ್ಕೊಮ್ಮೆ ಯುಗಾದಿ ಹೊತ್ತಿಗೆ ಸಂಬಳ ಏರಿಸುತ್ತೇವೆ, ಎಲ್ಲರಿಗೂ ಒಟ್ಟಿಗೆ. ಹುಡುಗನ ಕೈ ಜೂನ್‌ನಲ್ಲಿ ಕುದುರಿದ್ದರೂ ಮುಂದಿನ ಯುಗಾದಿ ತನಕ ಕಾಯಬೇಕು. ಪಕ್ಕದವನು ಕಾಯುವುದಿಲ್ಲ.

ನಗೋಯಾ ಕಡೆಯಿಂದ

ಸೆಟ್ಟರ್ ಅವರು ಹೇಳಿದ 'ಬೆನ್ನು ಅಡ್ಡ ಇಡುವುದು' ಜಪಾನಿನ ಹಳೇ ಶಾಪ್‌ಗಳಲ್ಲೂ ಇತ್ತು, ನೋಡಿ ಕದ್ದು ಕಲಿ ಅನ್ನುವ ಪದ್ಧತಿ. ಟೋಕಿಯೊದ ಓಟಾ ವಾರ್ಡ್, ಹಿಗಾಶಿ ಒಸಾಕಾ ಕಡೆ ನಿಮ್ಮ ಶಾಪ್‌ಗಿಂತ ಚಿಕ್ಕವು ಸಾವಿರಾರು ಇವೆ, ಗಂಡ ಹೆಂಡತಿ ಜತೆಗೆ ಇಬ್ಬರು ಕೆಲಸದವರು ಅನ್ನುವಂಥವು. ಮಾಲೀಕರಿಗೆ ಎಪ್ಪತ್ತು ದಾಟಿದೆ, ಕಲಿಯುವವರಿಲ್ಲ ಅಂತ ಎಷ್ಟೋ ಬಾಗಿಲು ಹಾಕುತ್ತಿವೆ.

ಅದನ್ನು ಸ್ವಲ್ಪ ಬದಲಿಸಿದ್ದು ಅಮೆರಿಕದಿಂದ ಬಂದ ಒಂದು ಪದ್ಧತಿ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಫ್ಯಾಕ್ಟರಿಗಳಿಗೆ ಏನೂ ಗೊತ್ತಿಲ್ಲದ ಜನ ಲಕ್ಷಗಟ್ಟಲೆ ಬಂದರು. ಅವರಿಗೆ ಬೇಗ ಕಲಿಸಲು 1940ರಲ್ಲಿ ಟಿಡಬ್ಲ್ಯುಐ (ಟ್ರೇನಿಂಗ್ ವಿದಿನ್ ಇಂಡಸ್ಟ್ರಿ) ಅಂತ ಶುರು ಮಾಡಿದರು. ಯುದ್ಧ ಮುಗಿದ ಮೇಲೆ ಅಮೆರಿಕದವರು ಅದನ್ನು ಬಿಟ್ಟೇಬಿಟ್ಟರು, ಜಪಾನಿನವರು ಹಿಡಿದುಕೊಂಡರು. ನಾಲ್ಕು ಹೆಜ್ಜೆ ಅಷ್ಟೇ: ಹುಡುಗನನ್ನು ಸಿದ್ಧ ಮಾಡು, ಮಾಡಿ ತೋರಿಸು, ಅವನ ಕೈಯಲ್ಲಿ ಮಾಡಿಸು, ಆಮೇಲೆ ಆಗಾಗ ಬಂದು ನೋಡು. ಅದರ ಕಾರ್ಡ್ ಮೇಲೆ ಒಂದು ಸಾಲು ಇರುತ್ತಿತ್ತು: ಕೆಲಸಗಾರ ಕಲಿತಿಲ್ಲ ಅಂದರೆ ಕಲಿಸುವವನು ಕಲಿಸಿಲ್ಲ. ದುಡ್ಡು ಬೇಡ, ಕಟ್ಟಡ ಬೇಡ. ಇಪ್ಪತ್ತು ಜನರ ಶಾಪ್‌ಗೆ ಸರಿಹೊಂದುವುದು ಇದೇ.

ಇಲ್ಲಿ 1959ರಿಂದ ಸರ್ಕಾರಿ ಕೌಶಲ ಪರೀಕ್ಷೆಯೂ ಇದೆ, ಒಂದೊಂದು ಟ್ರೇಡ್‌ಗೆ ದರ್ಜೆ ಪ್ರಕಾರ. ಯಾವ ಶಾಪ್‌ನಲ್ಲಿ ಕಲಿತರೂ ಪರೀಕ್ಷೆ ಒಂದೇ.

ಇನ್ನು ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡೋ ಬಾಂಡ್ ಬರೆಸಿಕೊಂಡೋ ಹುಡುಗನನ್ನು ಕಟ್ಟಿಹಾಕುವ ಬಗ್ಗೆ. ಜಪಾನ್ ಇಡೀ ದೇಶದ ಮಟ್ಟದಲ್ಲಿ ಅದನ್ನು ಮಾಡಿ ನೋಡಿದೆ. 1993ರಿಂದ ಹೊರದೇಶದ ಹುಡುಗರನ್ನು ಟೆಕ್ನಿಕಲ್ ಇಂಟರ್ನ್ ಅಂತ ತರಿಸಿಕೊಂಡರು, ಹೆಚ್ಚಿನವರು ಸಣ್ಣ ಕಂಪನಿಗಳಿಗೆ. ಹೆಸರು ತರಬೇತಿ, ಕಂಪನಿ ಬದಲಿಸುವ ಹಾಗಿಲ್ಲ. ಏನಾಯಿತು? ವರ್ಷಕ್ಕೆ ಸಾವಿರಾರು ಜನ ಹೇಳದೆ ಕೇಳದೆ ಪರಾರಿ. 2024ರಲ್ಲಿ ಅದನ್ನು ತೆಗೆದು ಹೊಸ ಪದ್ಧತಿ ತರುವ ಕಾನೂನು ಪಾಸಾಯಿತು, ಅದರಲ್ಲಿ ಕೆಲವು ಷರತ್ತಿನ ಮೇಲೆ ಕಂಪನಿ ಬದಲಿಸಬಹುದು. ಕಟ್ಟಿಹಾಕಿ ಕಲಿಸಲು ಆಗಲಿಲ್ಲ ಅಂತ ಮೂವತ್ತು ವರ್ಷ ಆದ ಮೇಲೆ ಒಪ್ಪಿಕೊಂಡರು.

ಕ್ವಾಲಿಟಿ ಮೇಡಂ

ಟಿಡಬ್ಲ್ಯುಐ ಬಗ್ಗೆ ಹೇಳಿದ್ದು ಒಳ್ಳೆಯದಾಯಿತು. ನಮ್ಮ ಶಾಪ್‌ನಲ್ಲಿ ನಾನು ಇನ್‌ಸ್ಪೆಕ್ಷನ್ ನೋಡುತ್ತೇನೆ, ಒಂದು ಕೆಲಸಕ್ಕೆ ಆ ಥರ ಹಾಳೆ ಮಾಡಿದ್ದೇವೆ. ಇನ್ಸರ್ಟ್, ಅಂದರೆ ಟೂಲ್ ತುದಿಯ ಕತ್ತರಿಸುವ ಚೂರು, ಬದಲಿಸುವುದು. ಎಲ್ಲರಿಗೂ ಚಿಕ್ಕ ಕೆಲಸ ಅನ್ನಿಸುತ್ತದೆ, ಆದರೆ ನಮ್ಮ ರಿಜೆಕ್ಷನ್‌ನಲ್ಲಿ ಜಾಸ್ತಿ ಪೀಸ್ ಇನ್ಸರ್ಟ್ ಬದಲಿಸಿದ ಮೇಲಿನ ಮೊದಲ ಪೀಸೇ ಆಗಿರುತ್ತಿತ್ತು.

ಮೊದಲು ಹೇಗೆ ಹೇಳಿಕೊಡುತ್ತಿದ್ದರು ಅಂದರೆ, 'ಇನ್ಸರ್ಟ್ ತಿರುಗಿಸು, ಆಫ್‌ಸೆಟ್‌ನಲ್ಲಿ 0.2 ಪ್ಲಸ್ ಹಾಕು, ಒಂದು ಪೀಸ್ ಹೊಡಿ, ಅಳತೆ ನೋಡು, ಸರಿ ಮಾಡು.' ಹುಡುಗ ಹೊರವ್ಯಾಸ (ಓ.ಡಿ.) ಕಡೆಯುವ ಟೂಲ್‌ನಲ್ಲಿ ಹಾಗೇ ಮಾಡಿದ, ಸರಿ ಬಂತು. ಎಕ್ಸ್ ಅಕ್ಷದಲ್ಲಿ ಪ್ಲಸ್ ಹಾಕಿದರೆ ಟೂಲ್ ಜಾಬ್‌ನಿಂದ ದೂರ ನಿಲ್ಲುತ್ತದೆ, ವ್ಯಾಸ ದೊಡ್ಡದಾಗಿ ಉಳಿಯುತ್ತದೆ, ಆಮೇಲೆ ತೆಗೆಯಬಹುದು. ಮಾರನೇ ದಿನ ರಂಧ್ರದ ಒಳಗೆ ಕಡೆಯುವ ಬೋರಿಂಗ್ ಬಾರ್‌ನ ಇನ್ಸರ್ಟ್ ಬದಲಿಸಿದ, ಅಲ್ಲೂ 0.2 ಪ್ಲಸ್ ಹಾಕಿದ. ಬೋರ್ 0.2 ಎಂಎಂ ದೊಡ್ಡದು. ಫಿನಿಶ್ ಆದ ಪಂಪ್ ಬಾಡಿ, ಹಿಂದಿನ ಅಷ್ಟೂ ಆಪರೇಷನ್ ಸಮೇತ ಸ್ಕ್ರ್ಯಾಪ್. ಅವನಿಗೆ ಬೈದರು. ಅವನು ಹೇಳಿದ ಹಾಗೇ ಮಾಡಿದ್ದ!

ಈಗ ಹಾಳೆಯಲ್ಲಿ ಮೂರು ಕಾಲಂ ಇವೆ. ಏನು ಮಾಡಬೇಕು, ಯಾವುದನ್ನು ಗಮನಿಸಬೇಕು, ಯಾಕೆ. ಇನ್ಸರ್ಟ್ ಕೂರುವ ಪಾಕೆಟ್ ಒರೆಸು, ಏರ್ ಹೊಡೆದರೆ ಸಾಲದು, ಬಟ್ಟೆ ಹಾಕಿ ಒರೆಸು, ಯಾಕೆಂದರೆ ಸಣ್ಣ ಚಿಪ್ ಕೂತರೆ ಇನ್ಸರ್ಟ್ ಮೇಲೆದ್ದು ನಿಲ್ಲುತ್ತದೆ. ಓ.ಡಿ.ಗೆ ಪ್ಲಸ್, ಬೋರ್‌ಗೆ ಮೈನಸ್, ಯಾಕೆಂದರೆ ಎರಡರಲ್ಲೂ ಮೆಟೀರಿಯಲ್ ಉಳಿಸಬೇಕು, ತೆಗೆದದ್ದನ್ನು ವಾಪಸ್ ಅಂಟಿಸಲು ಆಗುವುದಿಲ್ಲ. ಮೆಷಿನ್‌ನ ಫಾನುಕ್ ಕಂಟ್ರೋಲ್ ಸ್ಕ್ರೀನ್‌ನಲ್ಲಿ ಇನ್‌ಪುಟ್ ಬೇರೆ, ಪ್ಲಸ್ ಇನ್‌ಪುಟ್ ಬೇರೆ. ಮೊದಲನೆಯದು ಹಳೇ ಸಂಖ್ಯೆ ಅಳಿಸಿ ಹೊಸದು ಕೂರಿಸುತ್ತದೆ, ಎರಡನೆಯದು ಹಳೆಯದಕ್ಕೆ ಕೂಡಿಸುತ್ತದೆ. ಯಾವುದನ್ನು ಒತ್ತಿದೆ ಅಂತ ಬಾಯಿಬಿಟ್ಟು ಹೇಳಿ ಒತ್ತಬೇಕು.

ಹಾಳೆ ಬರೆಯಲು ಕೂತಾಗ ನಮ್ಮ ಇಬ್ಬರು ಹಳೇ ಸೆಟ್ಟರ್‌ಗಳಿಗೇ ಜಗಳ ಆಯಿತು, ಇಬ್ಬರೂ ಬೇರೆ ಬೇರೆ ಥರ ಮಾಡುತ್ತಿದ್ದರು. ಹಾಳೆ ಕನ್ನಡದಲ್ಲೂ ಹಿಂದಿಯಲ್ಲೂ ಇದೆ. ಒಡಿಶಾ ಹುಡುಗರು ಚಿತ್ರ ನೋಡಿ ಮಾಡುತ್ತಾರೆ.

ಸೆಟ್ಟರ್ ಕೆಲಸದವ

ಮೇಡಂ, 'ಯಾಕೆ' ಕಾಲಂ ನನ್ನ ಮೊದಲ ಶಾಪ್‌ನಲ್ಲಿ ಇದ್ದಿದ್ದರೆ ನಾನು ರಾತ್ರಿ ಕದ್ದು ಕಲಿಯಬೇಕಿರಲಿಲ್ಲ. ಆದರೆ ಕಲಿಸುವ ಸೆಟ್ಟರ್‌ಗೆ ಏನು ಸಿಗುತ್ತದೆ? ಅವನಿಗೆ ಒಬ್ಬ ಹುಡುಗ ಪಾಸಾದರೆ ಇಷ್ಟು ಅಂತ ಇಡಿ. ಇಲ್ಲದಿದ್ದರೆ ಹಾಳೆ ಗೋಡೆ ಮೇಲೇ ಇರುತ್ತದೆ.

ಜಿಟಿಟಿಸಿ ಹಳಬ

ನಮ್ಮಲ್ಲಿ ಏನೂ ಇಲ್ಲ ಅನ್ನುವ ಹಾಗೆ ಮಾತಾಡಬೇಡಿ ಮಾರಾಯ್ರೇ. ರಾಜಾಜಿನಗರದ ಸರ್ಕಾರಿ ಟೂಲ್ ರೂಂ ತರಬೇತಿ ಕೇಂದ್ರ ಜಿಟಿಟಿಸಿ 1972ರಲ್ಲಿ ಡೆನ್ಮಾರ್ಕ್ ಸಹಾಯದಿಂದ ಶುರುವಾದದ್ದು. ಇನ್ನೊಂದು ತಾಂತ್ರಿಕ ತರಬೇತಿ ಸಂಸ್ಥೆ ಎನ್‌ಟಿಟಿಎಫ್ 1959ರಲ್ಲಿ ಕೇರಳದ ತಲಶ್ಶೇರಿ ಹತ್ತಿರದ ನೆಟ್ಟೂರಿನಲ್ಲಿ ಸ್ವಿಸ್ ನೆರವಿನಿಂದ ಹುಟ್ಟಿ ಪೀಣ್ಯಕ್ಕೆ ಬಂದದ್ದು. ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷ ಒಳಗೆ, ಒಂದು ವರ್ಷ ಇಂಡಸ್ಟ್ರಿಯಲ್ಲಿ. ಮೊದಲ ವರ್ಷ ನಮಗೆ ಫೈಲ್ ಹಿಡಿಸಿ ಕೈ ಬೊಬ್ಬೆ ಬರಿಸಿದ್ದರು. ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದು ನೋಡುವುದು, ಸಂದಿನಲ್ಲಿ ಬೆಳಕು ಕಂಡರೆ ಮತ್ತೆ ಫೈಲ್. ಆ ಹುಡುಗರು ಎಲ್ಲಿ ಹೋದರೂ ನಿಲ್ಲುತ್ತಾರೆ.

ತೊಂದರೆ ಏನೆಂದರೆ ನಾವ್ಯಾರೂ ಇಪ್ಪತ್ತು ಜನರ ಶಾಪ್‌ಗೆ ಹೋಗಲಿಲ್ಲ. ನನ್ನ ಬ್ಯಾಚ್‌ನಲ್ಲಿ ಜಾಸ್ತಿ ಜನ ಡಿಸೈನ್‌ಗೋ ದೊಡ್ಡ ಕಂಪನಿಗೋ ಹೋದರು, ಉಳಿದವರು ಗಲ್ಫ್. ಒಳ್ಳೇ ಸಂಸ್ಥೆ ಕಟ್ಟಿದರೆ ಸಣ್ಣ ಶಾಪ್‌ಗೆ ಲಾಭ ಆಗುತ್ತದೆ ಅನ್ನುವುದು ತಾನಾಗೇ ಆಗುವುದಿಲ್ಲ. ಸಣ್ಣ ಶಾಪ್‌ನಲ್ಲಿ ಈಗಾಗಲೇ ಇರುವವನು ಒಳಗೆ ಬಂದು ಕಲಿತು ವಾಪಸ್ ಹೋಗುವ ದಾರಿ ಬೇಕು.

ಕೊರಿಯಾದವರು 2001ರಿಂದ ಅದನ್ನೇ ಮಾಡಿದರು. ದೊಡ್ಡ ಕಂಪನಿಗಳಲ್ಲೂ ಸಂಘಗಳಲ್ಲೂ ಇರುವ ಟ್ರೇನಿಂಗ್ ಸೆಂಟರ್‌ಗಳನ್ನು ಅವರಿಗೆ ಸಪ್ಲೈ ಮಾಡುವ ಸಣ್ಣ ಕಂಪನಿಗಳ ಕೆಲಸಗಾರರಿಗೂ ತೆರೆದರು, ಖರ್ಚು ಉದ್ಯೋಗ ವಿಮೆಯ ನಿಧಿಯಿಂದ. ಮಲೇಷ್ಯಾದ ಪೆನಾಂಗ್‌ನಲ್ಲಿ 1989ರಲ್ಲಿ ಕಂಪನಿಗಳೇ ಸೇರಿ ಒಂದು ಸೆಂಟರ್ ಕಟ್ಟಿಕೊಂಡವು, ಒಬ್ಬರಿಗೊಬ್ಬರು ಹುಡುಗರನ್ನು ಎಳೆದುಕೊಳ್ಳುತ್ತಿದ್ದವರೇ. ಬ್ರೆಜಿಲ್ ಇನ್ನೂ ಹಿಂದೆ, 1942ರಿಂದ. ಕೈಗಾರಿಕೆಗಳು ಸಂಬಳದ ಮೊತ್ತದ 1 ಪರ್ಸೆಂಟ್ ಕಟ್ಟಬೇಕು, ಅದರಿಂದ ಸೆನಾಯ್ ಅನ್ನುವ ತರಬೇತಿ ಶಾಲೆಗಳು ನಡೆಯುತ್ತವೆ. ಅಧ್ಯಕ್ಷ ಲೂಲಾ ಅಲ್ಲಿ ಟರ್ನರ್ ಕಲಿತವರು.

ಶಿವಮೊಗ್ಗ ಫೌಂಡ್ರಿ

ನಿಮಗೆ ಹುಡುಗರು ಬಿಟ್ಟು ಹೋಗುತ್ತಾರೆ ಅನ್ನುವ ಚಿಂತೆ. ನಮಗೆ ಬರುವುದೇ ಇಲ್ಲ. ಐಟಿಐನಲ್ಲಿ ಎರಕದ ಕೆಲಸದ ಫೌಂಡ್ರಿಮ್ಯಾನ್ ಟ್ರೇಡ್ ಇದೆ, ಸೇರುವವರು ಯಾರು? ಬಿಸಿ, ಧೂಳು. ಊರಿನ ಹುಡುಗ ಡೆಲಿವರಿ ಬೈಕ್ ಓಡಿಸುತ್ತಾನೆ, ಮೋಲ್ಡಿಂಗ್‌ಗೆ ಬರುವುದಿಲ್ಲ. ಬಿಹಾರ, ಜಾರ್ಖಂಡ್ ಹುಡುಗರ ಮೇಲೆ ನಡೆಯುತ್ತಿದೆ, ಅವರು ಛಠ್ ಹಬ್ಬಕ್ಕೆ ಹೋದರೆ ಎಷ್ಟು ಜನ ವಾಪಸ್ ಬರುತ್ತಾರೆ ದೇವರೇ ಬಲ್ಲ. ಅಚ್ಚಿನ ಮರಳಿನ ತೇವ ಕೈಯಲ್ಲಿ ಹಿಂಡಿ ಹೇಳುವವರು ನಮ್ಮಲ್ಲಿ ಇಬ್ಬರು ಉಳಿದಿದ್ದಾರೆ, ಇಬ್ಬರಿಗೂ ವಯಸ್ಸಾಗಿದೆ. ಲ್ಯಾಬ್ ಇದೆ, ಟೆಸ್ಟ್ ಇದೆ, ಆದರೂ ಎರಕದಲ್ಲಿ ಬ್ಲೋ ಹೋಲ್ (ಗಾಳಿ ಗುಳ್ಳೆ) ಬಂದ ದಿನ ಎಲ್ಲರೂ ಅವರ ಮುಖ ನೋಡುತ್ತಾರೆ.

ಫೈಲು ಕೆಲಸದವಳು

ಅಪ್ರೆಂಟಿಸ್ ಕಾಗದಪತ್ರ ನಾನು ಮಾಡಿಸಿಕೊಡುತ್ತೇನೆ, ನಾಲ್ಕಾರು ಶಾಪ್‌ಗಳಿಗೆ. ಪೀಣ್ಯ ಸರ್, ಸ್ಟುಟ್‌ಗಾರ್ಟ್‌ನವರು ನಿಮಗಿಲ್ಲ ಅಂದ ಕಲಿಕೆಯ 'ಅವಧಿ' ನಮ್ಮ ಕಾನೂನಿನಲ್ಲೇ ಇದೆ, ಯಾರೂ ಬಳಸುತ್ತಿಲ್ಲ ಅಷ್ಟೇ.

ಅಪ್ರೆಂಟಿಸ್ ಕಾಯ್ದೆ 1961ರದ್ದು. 2019ರ ನಿಯಮದ ಪ್ರಕಾರ 30 ಜನ ಅಥವಾ ಜಾಸ್ತಿ ಇದ್ದರೆ ಇಟ್ಟುಕೊಳ್ಳುವುದು ಕಡ್ಡಾಯ, ಒಟ್ಟು ಜನರ 2.5ರಿಂದ 15 ಪರ್ಸೆಂಟ್. 4ರಿಂದ 29 ಜನ ಇದ್ದರೆ ನಿಮ್ಮ ಇಷ್ಟ. ನೀವು ಇಷ್ಟದ ಗುಂಪಿನಲ್ಲಿದ್ದೀರಿ. ಕನಿಷ್ಠ ಸ್ಟೈಪೆಂಡ್ ಓದಿನ ಪ್ರಕಾರ 5,000ದಿಂದ 9,000 ಅಂತ ಆಗ ಇಟ್ಟರು, ಹಾಲಿ ದರ ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. 2016ರಲ್ಲಿ ಬಂದ ನ್ಯಾಪ್ಸ್ ಅನ್ನುವ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡ್‌ನ ಕಾಲು ಭಾಗ, ತಿಂಗಳಿಗೆ 1,500 ರೂಪಾಯಿ ಮೀರದ ಹಾಗೆ, ಕೇಂದ್ರ ಸರ್ಕಾರ ಕೊಡುತ್ತದೆ. ಈಗ ಸೀದಾ ಹುಡುಗನ ಖಾತೆಗೇ ಹಾಕುತ್ತಾರೆ. ಪಿಎಫ್, ಇಎಸ್‌ಐ ಇಲ್ಲ. ಕೊನೆಗೆ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಸರ್ಟಿಫಿಕೇಟ್.

ಆದರೆ ಎರಡು ಮಾತು. ಅನುಮತಿ ಇಲ್ಲದೆ ಓವರ್‌ಟೈಮ್ ಮಾಡಿಸುವ ಹಾಗಿಲ್ಲ. ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ನಿಮ್ಮದೇ, ಇಎಸ್‌ಐ ಇಲ್ಲ ಅಂತ ಮರೆಯಬೇಡಿ, ಇನ್ಶೂರೆನ್ಸ್ ಮಾಡಿಸಿ. ಇದನ್ನು ಅಗ್ಗದ ಆಪರೇಟರ್ ಸಿಕ್ಕ ಅಂತ ಬಳಸುವವರೂ ಇದ್ದಾರೆ: ಒಂದು ವರ್ಷ ಅಪ್ರೆಂಟಿಸ್, ಮುಗಿದ ಕೂಡಲೇ ಹೊಸ ಅಪ್ರೆಂಟಿಸ್, ಕಲಿಕೆ ಸೊನ್ನೆ. ಅಂಥ ಕಡೆ ಹುಡುಗರು ಆರು ತಿಂಗಳಲ್ಲಿ ಓಡುತ್ತಾರೆ, ಸರಿಯಾಗೇ ಮಾಡುತ್ತಾರೆ.

ಹುಬ್ಬಳ್ಳಿ ಮಂದಿ

ಪೋರ್ಟಲ್‌ನ್ಯಾಗ ಅರ್ಧ ದಿನ ಓಟಿಪಿ ಬರೂದಿಲ್ರಿ ಮೇಡಂ.

ಫೈಲು ಕೆಲಸದವಳು

ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಮಾಡಿ. ನಿಜವಾಗಲೂ.

ಪೀಣ್ಯ ಎರಡನೇ ಹಂತ

ಎಲ್ಲ ಓದಿದೆ, ಪಾರ್ಟ್ನರ್‌ಗೂ ಓದಿಸಿದೆ. ನಾನು ಇಷ್ಟು ದಿನ ಹುಡುಗರ ನಿಯತ್ತಿನ ಮಾತು ಆಡುತ್ತಿದ್ದೆ, ಇಲ್ಲಿ ಹೇಳಿದ ಯಾವ ದೇಶವೂ ನಿಯತ್ತಿನ ಮೇಲೆ ನಡೆಸುತ್ತಿಲ್ಲ. ಖರ್ಚು ಹಂಚಿದ್ದಾರೆ, ಪರೀಕ್ಷೆ ಹೊರಗಿನವರ ಕೈಗೆ ಕೊಟ್ಟಿದ್ದಾರೆ. ಸರ್ಕಾರ ವಂತಿಗೆ ತರುವ ತನಕ ನಾನು ಕಾಯಲು ಆಗುವುದಿಲ್ಲ. ನಮ್ಮ ರಸ್ತೆಯ ಮೂರ್ನಾಲ್ಕು ಶೆಡ್ ಸೇರಿ ಶುರು ಮಾಡೋಣ ಅಂತಿದ್ದೇನೆ. ಎಚ್‌ಎಂಟಿಯಿಂದ ರಿಟೈರ್ ಆದ ಹಿರಿಯರೊಬ್ಬರು ಹತ್ತಿರದಲ್ಲೇ ಇದ್ದಾರೆ, ಶನಿವಾರ ಮಧ್ಯಾಹ್ನ ಬರಲು ಒಪ್ಪಿದ್ದಾರೆ. ಜಾಗ ನಮ್ಮದು, ಆ ಹಳೇ ಲೇತ್ ಈಗ ಉಪಯೋಗಕ್ಕೆ ಬಂತು. ನಾಲ್ಕು ಹಂತ ಬರೆದಿದ್ದೇವೆ, ಹಂತ ದಾಟಿದ ಮುಂದಿನ ತಿಂಗಳೇ ಸಂಬಳ ಏರುತ್ತದೆ, ಯುಗಾದಿ ಕಾಯುವುದಿಲ್ಲ. ಕಲಿಸಿದ ಸೆಟ್ಟರ್‌ಗೂ ಒಂದು ಮೊತ್ತ. ಪರೀಕ್ಷೆ ಬೇರೆ ಶೆಡ್‌ನವರು ತೆಗೆದುಕೊಳ್ಳುತ್ತಾರೆ, ಸರ್ಟಿಫಿಕೇಟ್ ಮೇಲೆ ನಾಲ್ಕೂ ಶೆಡ್ ಸಹಿ.

ಸುಮ್ನೆ ಓದುವವ

ನಾಲ್ಕು ಸಹಿ ಇರುವ ಸರ್ಟಿಫಿಕೇಟ್ ಕೊಟ್ಟರೆ ಇನ್ನೂ ಬೇಗ ಹೋಗುತ್ತಾನೆ ಸರ್!

ಸ್ಟುಟ್‌ಗಾರ್ಟ್ ಸೀಮೆ

ಹೋಗಲಿ. ಆದರೆ ಅವನ ಜಾಗಕ್ಕೆ ಬರುವವನ ಹತ್ತಿರವೂ ಅದೇ ಸರ್ಟಿಫಿಕೇಟ್ ಇರುತ್ತದೆ. ನೀವು ಈಗ ಕತ್ತಲಲ್ಲಿ ತೆಗೆದುಕೊಳ್ಳುತ್ತಿದ್ದೀರಿ, ಆಗ ನೋಡಿ ತೆಗೆದುಕೊಳ್ಳುತ್ತೀರಿ. ಮತ್ತೆ ಪಕ್ಕದ ಶೆಡ್‌ನವನನ್ನೇ ಮೊದಲು ಸೇರಿಸಿಕೊಳ್ಳಿ, ಚಂದಾ ಸಮೇತ.

ಕಾವೆಂಟ್ರಿ ಕನ್ನಡಿಗ

ಚಂದಾ ಹುಡುಗರ ತಲೆಲೆಕ್ಕದಲ್ಲಿ ಬೇಡ, ಮೆಷಿನ್ ಲೆಕ್ಕದಲ್ಲಿ ಇಡಿ. ತಲೆಲೆಕ್ಕ ಇಟ್ಟರೆ ಹುಡುಗರನ್ನು ಕಳಿಸದೆ ತಪ್ಪಿಸಿಕೊಳ್ಳುತ್ತಾರೆ. ಫಾರ್ಮ್ ಒಂದೇ ಪುಟ ಇರಲಿ.

ಪೀಣ್ಯ ಎರಡನೇ ಹಂತ

ಪಕ್ಕದವನ ಹತ್ತಿರ ಮಾತಾಡಿದೆ. ಬೇಡ ಅನ್ನಲಿಲ್ಲ, ಎಷ್ಟು ಅಂತ ಕೇಳಿದ. ಅವನ ಚಿಂತೆ ದುಡ್ಡಲ್ಲ. ಪರೀಕ್ಷೆಗೆ ನಮ್ಮ ಡ್ರಾಯಿಂಗ್ ಇಟ್ಟರೆ ಗಿರಾಕಿ ಯಾರು, ಏನು ಮಾಡುತ್ತೇವೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ ಅಂತ. ಅದೂ ನಿಜ. ಯಾವ ಗಿರಾಕಿಯದೂ ಅಲ್ಲದ ಟೆಸ್ಟ್ ಪೀಸ್ ಡ್ರಾಯಿಂಗ್ ಯಾರ ಹತ್ತಿರವಾದರೂ ಇದೆಯಾ? ಲೇತ್‌ಗೆ ಒಂದು ಸಾಕು ಸದ್ಯಕ್ಕೆ.

ಜಿಟಿಟಿಸಿ ಹಳಬ

ನಾನೇ ಹಾಕಿಕೊಡುತ್ತೇನೆ. ಎರಡು ಸ್ಟೆಪ್ ಟರ್ನಿಂಗ್, ಒಂದು 25 ಎಂಎಂ ಎಚ್7 ಬೋರ್, ಅಂದರೆ 21 ಮೈಕ್ರಾನ್ ಒಳಗೆ ಬರಬೇಕು, ಒಂದು ಎಂ24 ಥ್ರೆಡ್. ಮಧ್ಯದಲ್ಲಿ ಇನ್ಸರ್ಟ್ ಬದಲಿಸುವುದನ್ನೂ ಪರೀಕ್ಷೆಯಲ್ಲೇ ಸೇರಿಸಿ, ಮೇಡಂ ಹಾಳೆ ಕಳಿಸಿದರೆ ಅಂಕ ಅದರ ಪ್ರಕಾರ ಕೊಡಬಹುದು. ಮೆಟೀರಿಯಲ್ ಹೊಸದು ತರಬೇಡಿ, ಬಾರ್ ಎಂಡ್ ಎಲ್ಲ ಶೆಡ್‌ನಲ್ಲೂ ಬಿದ್ದಿರುತ್ತದೆ.

ಕ್ವಾಲಿಟಿ ಮೇಡಂ

ಹಾಳೆ ಇವತ್ತು ಸಂಜೆ ಹಾಕುತ್ತೇನೆ. ಒಂದೇ ವಿನಂತಿ, ಪರೀಕ್ಷೆಗೆ ಇಡುವ ಬೋರ್ ಗೇಜ್ ಕ್ಯಾಲಿಬ್ರೇಷನ್ ಆಗಿದ್ದಿರಲಿ. ಹುಡುಗ ಫೇಲಾದ ಮೇಲೆ ಗೇಜ್ ಸರಿಯಿಲ್ಲ ಅಂತ ಗೊತ್ತಾದರೆ ಮುಂದಿನ ಶನಿವಾರ ಯಾರೂ ಬರುವುದಿಲ್ಲ.